ರೂಢಿ ಮತ್ತು ಉಪದೇಶ: ಬಳ್ಳಾರಿ ಗಡಿಸೀಮೆಯಲ್ಲಿ ಸಂಘರ್ಷಾನಂತರದ ಮಾಧ್ಯಮ, ಶಿಕ್ಷಣ ಹಾಗೂ ಜನಪದ ರಂಗ

ಸಂಘರ್ಷವೊಂದು ತಣ್ಣಗಾದ ಬಳಿಕ ಸಮುದಾಯಗಳ ನಡುವೆ ಮತ್ತೆ ನಂಬಿಕೆ ಬೆಳೆಸುವ ಹೊಣೆಯನ್ನು ಆಧುನಿಕ ಪ್ರಭುತ್ವಗಳು ಸಾಮಾನ್ಯವಾಗಿ ಎರಡು ಸಂಸ್ಥೆಗಳಿಗೆ ವಹಿಸುತ್ತವೆ. ಒಂದು ಮಾಧ್ಯಮ, ಮತ್ತೊಂದು ಶಿಕ್ಷಣ. ಮಾಧ್ಯಮ ಸೌಹಾರ್ದದ ಸಂದೇಶವನ್ನು ಬಿತ್ತರಿಸಬೇಕು, ಶಾಲೆ ಅದನ್ನು ಪಾಠವಾಗಿ ಕಲಿಸಬೇಕು ಎಂಬುದು ಈ ವ್ಯವಸ್ಥೆಯ ನಿರೀಕ್ಷೆ. ಇದರ ಹಿಂದೆ ಒಂದು ಗೃಹೀತವಿದೆ: ಜನ ಒಬ್ಬರನ್ನೊಬ್ಬರು ಅರಿಯದ ಕಾರಣ ಕಲಹಕ್ಕಿಳಿಯುತ್ತಾರೆ; ಅರಿವು ಮೂಡಿದರೆ ಕಲಹ ನಿಲ್ಲುತ್ತದೆ. ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಪರಿಸರದ ಸಾಂಸ್ಕೃತಿಕ ಚರಿತ್ರೆ ಈ ಗೃಹೀತವನ್ನು ಒಪ್ಪುವುದಿಲ್ಲ. ಇಲ್ಲಿಯ ಕನ್ನಡಿಗರು ಮತ್ತು ತೆಲುಗರು, ಹಿಂದೂಗಳು ಮತ್ತು ಮುಸಲ್ಮಾನರು ಒಬ್ಬರನ್ನೊಬ್ಬರು ಚೆನ್ನಾಗಿ ಅರಿತೇ ಬದುಕಿದವರು. ಅರಿತೂ ಜಗಳವಾಡಿದರು, ಜಗಳವಾಡಿಯೂ ಕೂಡಿ ಬಾಳಿದರು. ಹಾಗೆ ಕೂಡಿ ಬಾಳಲು ನೆರವಾದದ್ದು ಯಾವುದು, ಅದನ್ನು ಮಾಧ್ಯಮ ಮತ್ತು ಶಿಕ್ಷಣ ಹೇಗೆ ಗ್ರಹಿಸಿವೆ ಎಂಬುದನ್ನು ವಿಮರ್ಶಾತ್ಮಕವಾಗಿ ಅವಲೋಕಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪ್ರಬಂಧದ ವಾದವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಬಹುದು. ಈ ಸೀಮೆಯಲ್ಲಿ ಸಾಮರಸ್ಯ ಉಳಿದದ್ದು ಉಪದೇಶವಾಗಿ ಅಲ್ಲ, ರೂಢಿಯಾಗಿ. ಬುರ್ರಕಥೆ, ಮೊಹರಂ, ರಂಗಭೂಮಿಗಳು ಆ ರೂಢಿಯ ಸಾರ್ವಜನಿಕ ರೂಪಗಳು. ಮಾಧ್ಯಮ ಮತ್ತು ಶಿಕ್ಷಣ ಈ ರೂಢಿಗೆ ವಾಹಕವಾದಾಗ ಗೆದ್ದಿವೆ. ಅದನ್ನು ಸಂದೇಶವನ್ನಾಗಿ ಸಂಕ್ಷೇಪಿಸಿದಾಗ ಸೋತಿವೆ.

ಗಡಿರೇಖೆ ಮತ್ತು ಅದರ ನೆನಪು

1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡಲ್ಪಟ್ಟ ಪ್ರದೇಶಗಳಲ್ಲಿ ಬಳ್ಳಾರಿಯೂ ಒಂದು. ಅಂದಿನಿಂದ 1953ರವರೆಗೆ ಅದು ಮದರಾಸು ಆಡಳಿತದಲ್ಲಿತ್ತು. ಒಂದೂವರೆ ಶತಮಾನ ಇಲ್ಲಿಯ ಕಚೇರಿ, ನ್ಯಾಯಾಲಯ, ಪೇಟೆಗಳಲ್ಲಿ ಕನ್ನಡ, ತೆಲುಗು, ಉರ್ದು ಮತ್ತು ಇಂಗ್ಲಿಷ್ ಒಟ್ಟೊಟ್ಟಿಗೆ ನಡೆದವು. ಭಾಷೆ ರಾಜ್ಯದ ಗಡಿಯನ್ನು ನಿರ್ಧರಿಸಬೇಕೆಂಬ ಬೇಡಿಕೆ ಬಲಿತಾಗ ಈ ಬಹುಭಾಷಿಕತೆಯೇ ಸಮಸ್ಯೆಯಾಯಿತು. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಹಾಡಿನಲ್ಲಿ ಮತ್ತೊಂದು ಭಾಷೆಯನ್ನು ಬಳಸುವವನಿಗೆ ಜನಗಣತಿ ಕೇಳುವ ಪ್ರಶ್ನೆ ಒಂದೇ ಉತ್ತರವನ್ನು ಬಯಸುತ್ತದೆ.

1953ರಲ್ಲಿ ಆಂಧ್ರ ರಾಜ್ಯದ ರಚನೆಯಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯನ್ನು ಹೈದರಾಬಾದ್ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವಿಚಾರಣೆಗೆ ಒಪ್ಪಿಸಲಾಯಿತು. ಅದರ ಫಲವಾಗಿ ಆ ತಾಲ್ಲೂಕು ಸಹ ಮೈಸೂರಿನ ಪಾಲಾಯಿತು. ಅಲ್ಲಿಗೂ ಅನಿಶ್ಚಿತತೆ ಮುಗಿಯಲಿಲ್ಲ. 1955ರ ರಾಜ್ಯ ಪುನರ್ವಿಂಗಡಣಾ ಆಯೋಗ ತುಂಗಭದ್ರಾ ಯೋಜನೆಯ ಹಿತವನ್ನು ಮುಂದಿಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಜಾರಿಗೆ ಬರಲಿಲ್ಲ. ಆದರೂ ಮೂರು ವರ್ಷಗಳ ಕಾಲ ಈ ಸೀಮೆಯ ಜನ ತಮ್ಮ ಊರು ಯಾರದು ಎಂಬ ಪ್ರಶ್ನೆಯೊಡನೆ ಬದುಕಬೇಕಾಯಿತು.

ಆ ಕಾಲದ ಅತ್ಯಂತ ನೋವಿನ ಘಟನೆ ರಂಜಾನ್‌ಸಾಬರ ಸಾವು. 1953ರ ಅಕ್ಟೋಬರ್ 1ರ ವಿಲೀನೋತ್ಸವದ ಮುನ್ನಾದಿನದ ರಾತ್ರಿ ಸಮಾರಂಭದ ಪೆಂಡಾಲನ್ನು ಕಾಯುತ್ತಿದ್ದ ಪಿಂಜಾರ ಸಮುದಾಯದ ಈ ಕನ್ನಡ ಕಾರ್ಯಕರ್ತರು ಆಸಿಡ್ ದಾಳಿಗೆ ತುತ್ತಾಗಿ ಮಡಿದರು. ಕರ್ನಾಟಕ ಏಕೀಕರಣದ ಹುತಾತ್ಮರೆಂದು ಅವರನ್ನು ನೆನೆಯಲಾಗುತ್ತದೆ, ಅದು ಉಚಿತವೇ. ಆದರೆ ಈ ನೆನಪಿನ ಸ್ವರೂಪವನ್ನು ವಿಮರ್ಶೆಗೆ ಒಡ್ಡಬೇಕಾಗಿದೆ. ಕನ್ನಡಕ್ಕಾಗಿ ಪ್ರಾಣ ಕೊಟ್ಟ ಮುಸಲ್ಮಾನ ಎಂಬ ಚೌಕಟ್ಟಿನಲ್ಲಿ ಅವರನ್ನು ಸ್ಮರಿಸಿದಾಗ ಧರ್ಮದ ಗೋಡೆಯೊಂದು ತಗ್ಗುತ್ತದೆ. ಅದೇ ಉಸಿರಿನಲ್ಲಿ ಭಾಷೆಯ ಗೋಡೆಯೊಂದು ಏಳುತ್ತದೆ. ಒಂದು ಸ್ಮರಣೆ ಎರಡು ಕೆಲಸ ಮಾಡುತ್ತಿರುವುದನ್ನು ನವೆಂಬರ್ ತಿಂಗಳ ಭಾಷಣಗಳು ಗಮನಿಸುವುದಿಲ್ಲ. ಹುತಾತ್ಮರ ಕಥನ ಶಾಲೆಯ ವೇದಿಕೆಗೆ ಬಂದಾಗ, ಎದುರು ಕುಳಿತ ಮಕ್ಕಳಲ್ಲಿ ತೆಲುಗು ಮನೆಮಾತಿನವರೂ ಇರುತ್ತಾರೆ. ಆ ಮಗು ಈ ಕಥೆಯಲ್ಲಿ ತನ್ನನ್ನು ಎಲ್ಲಿ ಇರಿಸಿಕೊಳ್ಳಬೇಕು? ಈ ಪ್ರಶ್ನೆಗೆ ಸ್ಥಳ ನೀಡದ ಸ್ಮರಣೆ ಅಭಿಮಾನವನ್ನು ಕಲಿಸಬಹುದು, ಸಹಬಾಳ್ವೆಯನ್ನು ಕಲಿಸಲಾರದು.

ಎರಡು ಭಾಷೆಗಳ ಒಂದು ರಂಗ

ಬಳ್ಳಾರಿಯ ರಂಗಭೂಮಿ ಈ ಸೀಮೆಯ ದ್ವಿಭಾಷಿಕ ರೂಢಿಯ ನಗರರೂಪ. ತೆಲುಗಿನಲ್ಲಿ ‘ಆಂಧ್ರ ನಾಟಕ ಪಿತಾಮಹ’ರೆಂದು ಹೆಸರಾದ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಬಳ್ಳಾರಿಯ ವಕೀಲರು, ಅವರ ‘ಸರಸ ವಿನೋದಿನಿ ಸಭಾ’ ಇದೇ ಊರಿನ ಸಂಸ್ಥೆ. ಅವರ ಸಮಕಾಲೀನರಾದ ಕೋಲಾಚಲಂ ಶ್ರೀನಿವಾಸರಾಯರ ‘ಸುಮನೋರಮಾ ಸಭಾ’ವೂ ಇಲ್ಲಿಯದೇ. ಇವರ ನಂತರ ಬಂದ ಬಳ್ಳಾರಿ ರಾಘವರು (1880–1946) ತೆಲುಗು, ಕನ್ನಡ ಮಾತ್ರವಲ್ಲದೆ ಇಂಗ್ಲಿಷಿನಲ್ಲಿಯೂ ಅಭಿನಯಿಸಿದರು. ಕೋಲಾಚಲಂ ಅವರ ‘ರಾಮರಾಜು ಚರಿತ್ರ’ ನಾಟಕದ ಪಠಾಣ ರುಸ್ತುಂ ಪಾತ್ರ ರಾಘವರಿಗೆ ದೊಡ್ಡ ಕೀರ್ತಿ ತಂದಿತು. ವಿಜಯನಗರದ ಪತನವನ್ನು ಹೇಳುವ ನಾಟಕವೊಂದರಲ್ಲಿ, ಆ ಸಾಮ್ರಾಜ್ಯದ ಅವಶೇಷಗಳಿಗೆ ಸಮೀಪದ ಊರಿನ ಪ್ರೇಕ್ಷಕರು ಪಠಾಣನ ಪಾತ್ರವನ್ನು ಕೊಂಡಾಡಿದರೆಂಬುದು ಗಮನಾರ್ಹ. ಎದುರು ಪಾಳೆಯದವನನ್ನೂ ಮನುಷ್ಯನನ್ನಾಗಿ ನೋಡುವ ಪಾಠವನ್ನು ಯಾವ ಪಠ್ಯಪುಸ್ತಕವೂ ಇದಕ್ಕಿಂತ ಚೆನ್ನಾಗಿ ಕಲಿಸಲಾರದು.

ರಾಘವರ ಒಡನಾಟದಲ್ಲಿ ಬೆಳೆದ ಜೋಳದರಾಶಿ ದೊಡ್ಡನಗೌಡರು (1910–1994) ಈ ಪರಂಪರೆಯ ಮತ್ತೊಂದು ಮುಖ. ಬಳ್ಳಾರಿ ತಾಲ್ಲೂಕಿನ ಗಡಿಗ್ರಾಮದ ಈ ಗಮಕಿ, ನಟ, ಕವಿ ಕನ್ನಡ ಕಾವ್ಯವಾಚನವನ್ನು ನಾಡಿನಾದ್ಯಂತ ಕೊಂಡೊಯ್ದರು. ತೆಲುಗು ರಂಗವನ್ನೂ ಅಷ್ಟೇ ಸಲೀಸಾಗಿ ಬಲ್ಲವರಾಗಿದ್ದರು. ಕನ್ನಡದ ಅಭಿಮಾನ ಮತ್ತು ತೆಲುಗಿನ ಪ್ರೀತಿ ಒಂದೇ ವ್ಯಕ್ತಿಯಲ್ಲಿ ಕಲಹವಿಲ್ಲದೆ ಇರಬಲ್ಲವು ಎಂಬುದಕ್ಕೆ ಇಂಥವರ ಬದುಕೇ ಪ್ರಮಾಣ.

ಇಲ್ಲಿ ಒಂದು ಆಕ್ಷೇಪ ಸಹಜ. ಇಷ್ಟು ಸಮೃದ್ಧವಾದ ದ್ವಿಭಾಷಿಕ ರಂಗವಿದ್ದೂ 1953ರ ಸಂಘರ್ಷ ಏಕೆ ತಪ್ಪಲಿಲ್ಲ? ನಗರದ ಈ ರಂಗಭೂಮಿ ಬಹುಮಟ್ಟಿಗೆ ವಕೀಲರು, ವಿದ್ಯಾವಂತರು ಕಟ್ಟಿದ ಸಭೆಗಳ ಆಶ್ರಯದಲ್ಲಿತ್ತು ಎಂಬುದು ಉತ್ತರದ ಒಂದು ಭಾಗ. ಗಡಿ, ನದಿನೀರು, ಅಧಿಕಾರಗಳ ಪ್ರಶ್ನೆಯನ್ನು ಕಲೆ ಪರಿಹರಿಸುವುದಿಲ್ಲ ಎಂಬುದು ಇನ್ನೊಂದು ಭಾಗ. ಕಲೆಯ ಕೆಲಸ ಬೇರೆ: ಜಗಳ ಮುಗಿದ ಮಾರನೆಯ ದಿನ ಮತ್ತೆ ಕೂಡಿ ಕೂರಲು ಒಂದು ಜಾಗವನ್ನು ಅದು ಉಳಿಸಿಡುತ್ತದೆ. ಬಳ್ಳಾರಿಯಲ್ಲಿ ಆ ಜಾಗ ಉಳಿದದ್ದರಿಂದಲೇ 1953ರ ಗಾಯ ತಲೆಮಾರುಗಳ ಹಗೆಯಾಗಿ ಬೆಳೆಯಲಿಲ್ಲ.

ಈರಮ್ಮನ ತಂಬೂರಿ

ಈ ಜಾಗದ ಗ್ರಾಮೀಣ ಹಾಗೂ ಹೆಚ್ಚು ಆಳವಾದ ರೂಪ ಬುರ್ರಕಥೆಯಲ್ಲಿದೆ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು, 2014ರಲ್ಲಿ ನಿಧನರಾದ ‘ಬುರ್ರಕಥಾ ಈರಮ್ಮ’, ಬುಡ್ಗಜಂಗಮ ಸಮುದಾಯಕ್ಕೆ ಸೇರಿದವರು. ಈ ಅಲೆಮಾರಿ ಸಮುದಾಯದ ಮನೆಮಾತು ತೆಲುಗು. ಹಾಡಿನ ಭಾಷೆ ಕೇಳುಗರನ್ನು ಅನುಸರಿಸಿ ಕನ್ನಡವೂ ಹೌದು, ತೆಲುಗೂ ಹೌದು. ಕೈಯಲ್ಲಿ ತಂಬೂರಿ, ಪಕ್ಕದಲ್ಲಿ ಚರ್ಮವಾದ್ಯ ನುಡಿಸುತ್ತ ದನಿಗೂಡಿಸುವ ಸಹಗಾಯಕಿಯರು. ಇಷ್ಟರಲ್ಲಿಯೇ ರಾತ್ರಿಗಟ್ಟಲೆ ಹಾಡಬಲ್ಲ ಕಾವ್ಯಗಳು ಅವರ ನಾಲಗೆಯ ಮೇಲಿದ್ದವು. ಅಕ್ಷರ ಕಲಿಯದ ಈ ಹಾಡುಗಾರ್ತಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು.

ಅವರು ಹಾಡುತ್ತಿದ್ದ ಕುಮಾರರಾಮನ ಕಥೆಯನ್ನು ಈ ಚರ್ಚೆಯ ಹಿನ್ನೆಲೆಯಲ್ಲಿ ಮತ್ತೆ ಓದಬೇಕಾಗಿದೆ. ಕುರುಗೋಡು ಮತ್ತು ಸಿರುಗುಪ್ಪಗಳ ನೆರೆಯ ಕಂಪ್ಲಿ ಈ ಕಥೆಯ ನೆಲ. ಜನಮನದಲ್ಲಿ ಕುಮಾರರಾಮ ‘ಪರನಾರಿ ಸಹೋದರ’; ದಿಲ್ಲಿಯ ಸೈನ್ಯವನ್ನು ಎದುರಿಸಿದ ವೀರ. ಕಥೆಯ ಈ ಎರಡು ಅಂಶಗಳು ಸಭೆ-ಸಮಾರಂಭಗಳಲ್ಲಿ ಧಾರಾಳವಾಗಿ ಉಲ್ಲೇಖಗೊಳ್ಳುತ್ತವೆ. ಆದರೆ ಯುದ್ಧದ ಕಾರಣವೇನು? ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಅವನ ಬಂಧು ಬಹಾವುದ್ದೀನ್ ಗುರ್ಷಾಸ್ಪ್ ಕಂಪಿಲರಾಯನ ಆಶ್ರಯಕ್ಕೆ ಬಂದನೆಂದೂ, ಅವನನ್ನು ಒಪ್ಪಿಸಲು ರಾಯ ನಿರಾಕರಿಸಿದ್ದರಿಂದ 1327ರ ಸುಮಾರಿಗೆ ಕಂಪಿಲಿ ನಾಶವಾಯಿತೆಂದೂ ಚರಿತ್ರೆ ಹೇಳುತ್ತದೆ. ಕಾವ್ಯಪರಂಪರೆ ಇದೇ ವ್ಯಕ್ತಿಯನ್ನು ಬಾದುರಖಾನನೆಂದು ಕರೆದು ನೆನಪಿನಲ್ಲಿರಿಸಿಕೊಂಡಿದೆ. ಮರೆಹೊಕ್ಕ ಮುಸಲ್ಮಾನನೊಬ್ಬನನ್ನು ಕಾಪಾಡಲು ಇಡೀ ರಾಜ್ಯವನ್ನೇ ಪಣಕ್ಕಿಟ್ಟ ಕಥೆ ಇದು. ಇದನ್ನು ಎರಡು ಧರ್ಮಗಳ ನಡುವಣ ಯುದ್ಧದ ಕಥೆಯನ್ನಾಗಿ ಸಂಕ್ಷೇಪಿಸುವುದು ಪಠ್ಯಕ್ಕೆ ಎಸಗುವ ಅಪಚಾರ. ಸೌಹಾರ್ದದ ಪಾಠಕ್ಕಾಗಿ ಹೊಸ ಕಥೆಗಳನ್ನು ಹುಡುಕುತ್ತಿರುವ ಶಿಕ್ಷಣ ತನ್ನ ಹಿತ್ತಲಿನಲ್ಲಿರುವ ಈ ಕಥೆಯ ನಡುವನ್ನೇ ಕೈಬಿಟ್ಟಿರುವುದು ವಿಪರ್ಯಾಸವೇ ಸರಿ.

ಬುರ್ರಕಥೆಯನ್ನು ಮಾಧ್ಯಮವನ್ನಾಗಿ ಬಳಸಿದ ಚರಿತ್ರೆ ಆಂಧ್ರದಲ್ಲಿದೆ. 1940ರ ದಶಕದಲ್ಲಿ ಪ್ರಜಾನಾಟ್ಯ ಮಂಡಲಿ ಈ ಪ್ರಕಾರವನ್ನು ರಾಜಕೀಯ ಜಾಗೃತಿಗೆ ಒದಗಿಸಿಕೊಂಡಿತು; ಗುಂಟೂರು ಸೀಮೆಯ ಷೇಕ್ ನಾಜರ್ (1920–1997) ಅದರ ಮಹಾ ಕಲಾವಿದರಾಗಿ ಬೆಳೆದರು. ಮುಸಲ್ಮಾನ ಕಲಾವಿದರೊಬ್ಬರು ಪಲ್ನಾಡಿನ ವೀರರ ಕಥೆ ಹಾಡಿದಾಗ ಅದನ್ನು ಯಾರೂ ಸೌಹಾರ್ದ ಕಾರ್ಯಕ್ರಮವೆಂದು ಕರೆಯಲಿಲ್ಲ. ಹಾಗೆ ಕರೆಯದಿರುವುದರಲ್ಲಿಯೇ ಅದರ ಶಕ್ತಿ ಅಡಗಿತ್ತು.

ವಿಶ್ವವಿದ್ಯಾಲಯಗಳು ಮೌಖಿಕ ಕಾವ್ಯಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದು ನಿಸ್ಸಂದೇಹವಾಗಿ ಮಹತ್ತ್ವದ ಕಾರ್ಯ. ಆದರೆ ಅಚ್ಚಿಗೆ ತನ್ನದೇ ಆದ ಮಿತಿಯಿದೆ. ಮುದ್ರಿತ ಪಠ್ಯ ಒಂದು ಲಿಪಿಯನ್ನು, ಒಂದು ಭಾಷಾವಿಭಾಗವನ್ನು, ಗ್ರಂಥಾಲಯದ ಒಂದು ಕಪಾಟನ್ನು ಸೇರುತ್ತದೆ. ಕೇಳುಗರ ಮುಖ ನೋಡಿ ಭಾಷೆ ಬದಲಿಸುವ ಹಾಡುಗಾರ್ತಿಯ ಕೌಶಲ, ಪಕ್ಕದವಳೊಡನೆ ಆಡುವ ಮನೆಮಾತಿನ ಚುಟುಕು ನುಡಿ ಆ ಕಪಾಟಿಗೆ ದಕ್ಕುವುದಿಲ್ಲ. ಕನ್ನಡ ಕೃತಿಗಳ ತೆಲುಗು ಲಿಪಿಯ ಹಸ್ತಪ್ರತಿಗಳನ್ನು ಉಳಿಸಿಕೊಂಡು ಬಂದ ನಾಡಿನಲ್ಲಿ, ಆಧುನಿಕ ಸಂಪಾದನೆ ಎರಡು ಭಾಷೆಗಳ ಪ್ರದರ್ಶನವನ್ನು ಒಂದೇ ಭಾಷೆಯ ಸಾಹಿತ್ಯವನ್ನಾಗಿ ಓದುತ್ತಿದೆ.

ಪೀರಲ ಹಬ್ಬ ಮತ್ತು ಪತ್ರಿಕೆಯ ಶೀರ್ಷಿಕೆ

ಧರ್ಮಗಳ ನಡುವಣ ರೂಢಿಗೆ ಈ ಸೀಮೆಯ ಪ್ರಮುಖ ನಿದರ್ಶನ ಮೊಹರಂ. ಜನ ಇದನ್ನು ಪೀರಲ ಹಬ್ಬವೆಂದು ಕರೆಯುತ್ತಾರೆ. ತುಂಗಭದ್ರೆಯ ದಡದ ಸಿರುಗುಪ್ಪದಿಂದ ಸಿಂದರ ರಾಜಧಾನಿಯಾಗಿದ್ದ, ದೊಡ್ಡಬಸವೇಶ್ವರನ ನೆಲೆಯಾದ ಕುರುಗೋಡಿನವರೆಗೆ ಹಬ್ಬಿದ ಈ ಬಯಲಿನ ಊರುಗಳಲ್ಲಿ ಅಲಾಯಿ ಕುಣಿ ತೆಗೆಯುವುದು, ಪಂಜಾಗಳನ್ನು ಕೂರಿಸುವುದು, ಹರಕೆ ಹೊತ್ತು ಫಕೀರರಾಗುವುದು, ಕತ್ತಲ ರಾತ್ರಿಯ ಜಾಗರಣೆ, ದಫನ್ ದಿನದ ಮೆರವಣಿಗೆ ಇವೆಲ್ಲ ಎಲ್ಲ ಜಾತಿಗಳ ಪಾಲುದಾರಿಕೆಯಲ್ಲಿ ನಡೆಯುತ್ತ ಬಂದಿವೆ. ಕರ್ಬಲಾದ ದುಃಖ ಇಲ್ಲಿ ಕನ್ನಡದ ರಿವಾಯತ್ ಪದವಾಗಿ ಹರಿಯುತ್ತದೆ. ರಹಮತ್ ತರೀಕೆರೆಯವರ ಅಧ್ಯಯನಗಳು ಕರ್ನಾಟಕದ ಮೊಹರಂನ ಈ ಜನಪದ ಸ್ವರೂಪವನ್ನು ವಿಸ್ತಾರವಾಗಿ ದಾಖಲಿಸಿವೆ.

ಪ್ರತಿವರ್ಷ ಪತ್ರಿಕೆಗಳು ಇದನ್ನು ‘ಭಾವೈಕ್ಯದ ಹಬ್ಬ’ ಎಂಬ ಶೀರ್ಷಿಕೆಯಡಿ ವರದಿ ಮಾಡುತ್ತವೆ. ಮಾತು ತಪ್ಪಲ್ಲ, ಆದರೆ ಸಾಲದು. ಊರಿನವನು ಪಂಜಾ ಹಿಡಿಯುವುದು ಭಾವೈಕ್ಯವನ್ನು ತೋರಿಸಲಿಕ್ಕಲ್ಲ. ತನ್ನ ಮಗುವಿನ ಜ್ವರ ಇಳಿದದ್ದಕ್ಕೆ, ಮಳೆ ಬಂದದ್ದಕ್ಕೆ, ಅಪ್ಪ ಹಿಡಿಯುತ್ತಿದ್ದ ಎಂಬ ಕಾರಣಕ್ಕೆ. ಅವನ ಹರಕೆಯನ್ನು ಪತ್ರಿಕೆ ಸಂದೇಶವನ್ನಾಗಿ ಅನುವಾದಿಸುತ್ತದೆ. ಈ ಅನುವಾದದಲ್ಲಿ ಎರಡು ನಷ್ಟಗಳಿವೆ. ಮೊದಲನೆಯದು, ಸಹಜವಾಗಿದ್ದುದು ವಿಶೇಷವೆಂಬಂತೆ, ಅಪವಾದವೆಂಬಂತೆ ಕಾಣತೊಡಗುತ್ತದೆ. ಎರಡನೆಯದು, ಹಬ್ಬದೊಳಗಿನ ಜಾತಿಕ್ರಮ, ಹಲಗೆ ಬಡಿಯುವವನ ಶ್ರಮ, ಯಾರಿಗೆ ಯಾವ ಹಕ್ಕು ಎಂಬ ಪ್ರಶ್ನೆಗಳು ಶೀರ್ಷಿಕೆಯ ಕೆಳಗೆ ಮುಚ್ಚಿಹೋಗುತ್ತವೆ. ಹಬ್ಬವನ್ನು ತಮ್ಮ ಧರ್ಮಕ್ಕೆ ಸಲ್ಲದ್ದೆಂದು ದೂರವಿಡುವ ಶುದ್ಧೀಕರಣದ ಒತ್ತಡ ಎರಡೂ ಕಡೆಗಳಿಂದ ಬರುತ್ತಿರುವ ಈ ಕಾಲದಲ್ಲಿ, ಇಂಥ ಸಾರ್ವತ್ರಿಕ ಹೊಗಳಿಕೆಯಿಂದ ರೂಢಿಗೆ ಬಲ ಬರುವುದಿಲ್ಲ.

ನಂಬಿಕೆ ಬದಲಾಗುವುದೋ, ನಡೆ ಬದಲಾಗುವುದೋ

ಇಲ್ಲಿ ಆಫ್ರಿಕದ ರುವಾಂಡಾದ ಅನುಭವವನ್ನು ಹೋಲಿಸಿ ನೋಡಬಹುದು. 1994ರ ನರಮೇಧದಲ್ಲಿ ಅಲ್ಲಿಯ ರೇಡಿಯೊ ಕೇಂದ್ರವೊಂದು ದ್ವೇಷವನ್ನು ಬಿತ್ತಿತು. ಹತ್ತು ವರ್ಷಗಳ ಬಳಿಕ, 2004ರಲ್ಲಿ, ಅದೇ ರೇಡಿಯೊ ಮಾಧ್ಯಮದ ಮೂಲಕ ‘ಮುಸೆಕೆವೆಯಾ’ ಎಂಬ ಧಾರಾವಾಹಿ ಆರಂಭವಾಯಿತು. ಕಲ್ಪಿತ ಹಳ್ಳಿಗಳ ಕಲಹ ಮತ್ತು ಕೂಡುವಿಕೆಯ ಕಥೆ ಅದು. ಎಲಿಜಬೆತ್ ಲೆವಿ ಪಲಕ್ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಕುತೂಹಲಕರ ಫಲಿತಾಂಶವನ್ನು ಮುಂದಿಟ್ಟಿತು: ಧಾರಾವಾಹಿ ಕೇಳುಗರ ವೈಯಕ್ತಿಕ ನಂಬಿಕೆಗಳನ್ನು ಹೆಚ್ಚೇನೂ ಬದಲಿಸಲಿಲ್ಲ, ಆದರೆ ತಮ್ಮ ಸಮಾಜದಲ್ಲಿ ಯಾವ ನಡೆ ಸರಿ ಎಂಬ ಅವರ ಗ್ರಹಿಕೆಯನ್ನೂ, ಅವರ ನಡವಳಿಕೆಯನ್ನೂ ಬದಲಿಸಿತು. ಅಲ್ಲಿ ಜನ ರೇಡಿಯೊವನ್ನು ಗುಂಪಾಗಿ ಕೂತು ಕೇಳುವವರು ಎಂಬುದನ್ನೂ ನೆನೆಯಬೇಕು.

ಬಳ್ಳಾರಿಯ ಜನಪದ ರಂಗದ ಒಳಗುಟ್ಟೂ ಇದೇ. ಬುರ್ರಕಥೆಯ ಕೇಳುಗನ ಮನಸ್ಸಿನಲ್ಲಿ ನೆರೆಯವನ ಬಗೆಗೆ ಏನಿದೆ ಎಂಬುದು ಮುಖ್ಯವಲ್ಲ. ಊರೆಲ್ಲ ಸೇರಿ ತೆಲುಗು ಮನೆಮಾತಿನ ಹಾಡುಗಾರ್ತಿಗೆ ಕನ್ನಡದ ವೀರನ ಕಥೆಗಾಗಿ ತಲೆದೂಗಿತು, ಮರೆಹೊಕ್ಕವನನ್ನು ಕಾಯುವುದೇ ಧರ್ಮವೆಂದು ಎಲ್ಲರೆದುರು ಒಪ್ಪಿತು ಎಂಬುದು ಮುಖ್ಯ. ರೂಢಿ ಎಂದರೆ ಇದು: ‘ನಮ್ಮೂರಲ್ಲಿ ಹೀಗೆ ನಡೆಯುತ್ತದೆ’ ಎಂಬ ಸಾಮೂಹಿಕ ತಿಳಿವು.

ತೊಗಲುಗೊಂಬೆಯಾಟವೂ ಈ ಮಾತನ್ನು ಬೆಂಬಲಿಸುತ್ತದೆ. 2023ರಲ್ಲಿ ನಿಧನರಾದ ಬೆಳಗಲ್ಲು ವೀರಣ್ಣನವರು ಬಳ್ಳಾರಿಯ ಈ ಕಲೆಗೆ ಸ್ವಾತಂತ್ರ್ಯ ಹೋರಾಟ ಮತ್ತು ಗಾಂಧೀಜಿಯವರ ಬದುಕಿನಂತಹ ಹೊಸ ವಸ್ತುಗಳನ್ನು ತಂದು ಅದನ್ನು ಶಾಲೆ, ನಗರ, ಹೊರದೇಶಗಳ ಪ್ರೇಕ್ಷಕರಿಗೆ ತಲುಪಿಸಿದರು. ಪರದೆಯ ಮೇಲೆ ಬಣ್ಣದ ತೊಗಲು ಚಲಿಸುವಾಗ ಗಾಂಧಿಯೂ ರಾಮಾಯಣದ ಪಾತ್ರದಂತೆ ಜನರವನಾದನು. ಅವರ ಯಶಸ್ಸು ಅಲ್ಲಿದೆ. 1990ರ ದಶಕದ ಸಾಕ್ಷರತಾ ಆಂದೋಲನದಿಂದ ಈಚೆಗೆ ಜನಪದ ಕಲೆಗಳನ್ನು ಸರ್ಕಾರಿ ಪ್ರಚಾರಕ್ಕೆ ಬಳಸುವ ಪದ್ಧತಿ ವ್ಯಾಪಕವಾಗಿದೆ. ಅಂಥ ಆಟಗಳಲ್ಲಿ ಬಂಗಾರಕ್ಕ, ಕಿಳ್ಳೇಕ್ಯಾತರಂಥ ಹಾಸ್ಯಪಾತ್ರಗಳು ಕೂಡ ಸುತ್ತೋಲೆಯ ಭಾಷೆಯಲ್ಲಿ ಮಾತಾಡತೊಡಗಿದಾಗ ಕಲೆ ಉಳಿಯುವುದಿಲ್ಲ, ಸಂದೇಶವೂ ತಲುಪುವುದಿಲ್ಲ.

ಶಾಲೆಯ ಏಕಮುಖ ದಾರಿ

ಶಿಕ್ಷಣದ ಪ್ರಶ್ನೆ ಹೆಚ್ಚು ಜಟಿಲವಾದುದು. ತುಂಗಭದ್ರಾ ಅಣೆಕಟ್ಟಿನ ನಂತರ ಕರಾವಳಿ ಆಂಧ್ರದಿಂದ ಬಂದ ರೈತರು ಸಿರುಗುಪ್ಪ, ಕಂಪ್ಲಿ ಮೊದಲಾದೆಡೆ ‘ಕ್ಯಾಂಪು’ಗಳನ್ನು ಕಟ್ಟಿ ನೆಲೆನಿಂತರು. ಭತ್ತದ ಬೇಸಾಯ ಹಬ್ಬಿತು. ಭೂಮಿಯ ಒಡೆತನದ ಬಗೆಗೆ ಸ್ಥಳೀಯರಲ್ಲಿ ಅಸಮಾಧಾನವೂ ಹುಟ್ಟಿತು. ಈ ಕ್ಯಾಂಪುಗಳ ಇಂದಿನ ತಲೆಮಾರು ಶಾಲೆಯಲ್ಲಿ ಕನ್ನಡ ಕಲಿಯುತ್ತಿದೆ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದೆ. ನಾಡಿನ ಭಾಷೆಯನ್ನು ನಾಡಿನಲ್ಲಿ ಬಾಳುವವರು ಕಲಿಯಬೇಕೆಂಬುದು ನ್ಯಾಯವಾದ ನಿಲುವು.

ಆದರೆ ತಿಳಿವಳಿಕೆಗೆ ಎರಡು ದಾರಿಗಳು ಬೇಕು. ತೆಲುಗು ಮನೆಯ ಮಗು ಕನ್ನಡ ಕಾವ್ಯವನ್ನು ಓದುತ್ತದೆ. ಬಳ್ಳಾರಿಯ ಕನ್ನಡ ಮಗುವಿಗೆ ತನ್ನ ಊರಿನ ಧರ್ಮವರಂ, ಕೋಲಾಚಲಂ ಯಾರೆಂದು ತಿಳಿಯದು. ತೆಲುಗು ಅದಕ್ಕೆ ದೊರೆಯುವುದು ಚಲನಚಿತ್ರದ ಮೂಲಕ ಮಾತ್ರ. ಬಳ್ಳಾರಿಯ ಚಿತ್ರಮಂದಿರಗಳು ಯಾವ ಉಪದೇಶವನ್ನೂ ಮಾಡದೆ ನೆರೆಭಾಷೆಯ ಕಿವಿಯನ್ನು ಜೀವಂತವಾಗಿಟ್ಟಿವೆ ಎಂಬುದನ್ನು ಒಪ್ಪಬೇಕು. ಆದರೆ ಮಾರುಕಟ್ಟೆ ಕೊಡುವ ಪರಿಚಯದಲ್ಲಿ ನೆರೆಯವನ ಮನರಂಜನೆ ಇದೆ, ನೆರೆಯವನ ನೆನಪಿಲ್ಲ.

ರೂಢಿಯನ್ನು ಆರಾಧಿಸುವುದೂ ಅಪಾಯವೇ. ಬುಡ್ಗಜಂಗಮರ ಹಾಡನ್ನು ಊರು ಕೇಳಿತು. ಹಾಡಿದವರನ್ನು ಊರ ಹೊರಗೇ ಇರಿಸಿತು. ರಾತ್ರಿ ತಲೆದೂಗಿದವರು ಬೆಳಗ್ಗೆ ಮರದಲ್ಲಿ ಕಾಳು ಹಾಕಿ ಕಳುಹಿಸಿದರು. ಆ ಸಮುದಾಯದ ಮಕ್ಕಳು ಇಂದು ಶಾಲೆಗೆ ಹೋಗುತ್ತಾರೆ, ತಂಬೂರಿಯನ್ನು ಹಿಡಿಯುವುದಿಲ್ಲ. ಕಲೆ ಉಳಿಯಲೆಂದು ಅವರು ಭಿಕ್ಷಾಟನೆಯಲ್ಲಿಯೇ ಇರಬೇಕೆಂದು ಹೇಳುವ ಹಕ್ಕು ಯಾವ ಜಾನಪದ ತಜ್ಞನಿಗೂ ಇಲ್ಲ. ಹಾಗಾದರೆ ಅವರ ಅಜ್ಜಿಯರು ಹೊತ್ತು ತಂದ ಕಥನದ ಭಾರವನ್ನು ಹೊರಬೇಕಾದದ್ದು ಯಾರು? ಅವರ ಮಕ್ಕಳನ್ನು ಸೇರಿಸಿಕೊಂಡ ಶಾಲೆಯೇ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಕರ್ತವ್ಯಗಳು ಹೊರಡುತ್ತವೆ. ದ್ವಿಭಾಷಿಕ ಪ್ರದರ್ಶನಗಳನ್ನು ಧ್ವನಿ ಮತ್ತು ದೃಶ್ಯ ರೂಪದಲ್ಲಿ ಪೂರ್ಣವಾಗಿ ದಾಖಲಿಸಿ, ಕನ್ನಡ ಹಾಗೂ ತೆಲುಗು ಎರಡೂ ಲಿಪಿಗಳಲ್ಲಿ ಪಠ್ಯವನ್ನು ಪ್ರಕಟಿಸಬೇಕು. ಹೊಸಪೇಟೆಯ ಆಕಾಶವಾಣಿ ಕೇಂದ್ರದಂತಹ ಮಾಧ್ಯಮಗಳು ಜನಪದ ಕಾವ್ಯವನ್ನು ಹಾಡಿನ ತುಣುಕನ್ನಾಗಿ ಕತ್ತರಿಸದೆ, ಕಥೆಯ ಕ್ರಮದಲ್ಲಿ, ಕಂತುಗಳಲ್ಲಿ ಕೇಳಿಸಬೇಕು. ಕುಮಾರರಾಮನ ಪಾಠದಲ್ಲಿ ಬಾದುರಖಾನನಿಗೆ ಅವನ ಸ್ಥಾನ ಮರಳಿ ದೊರೆಯಬೇಕು. ರಂಜಾನ್‌ಸಾಬರನ್ನು ನೆನೆಯುವ ಸಭೆಯಲ್ಲಿ ಬಳ್ಳಾರಿ ರಾಘವರ ಹೆಸರೂ ಕೇಳಿಬರಬೇಕು. ಆಗ ತೆಲುಗು ಮನೆಯ ಮಗುವೂ ಆ ಸಭೆಯಲ್ಲಿ ತನ್ನ ಊರನ್ನು ಕಾಣುತ್ತದೆ.

ಒಟ್ಟಿನಲ್ಲಿ, ಸಂಘರ್ಷಾನಂತರದ ತಿಳಿವಳಿಕೆಯನ್ನು ಹೊರಗಿನಿಂದ ತಂದು ಬಿತ್ತಬೇಕಾದ ಬೀಜವೆಂದು ಭಾವಿಸುವ ದೃಷ್ಟಿ ಬಳ್ಳಾರಿ ಸೀಮೆಗೆ ಒಗ್ಗುವುದಿಲ್ಲ. ಬೆಳೆ ಇಲ್ಲಿ ಮೊದಲೇ ಇದೆ. ಅದನ್ನು ಬೆಳೆದವರಲ್ಲಿ ಬಹುಪಾಲು ಜನ ಅಕ್ಷರ ಕಲಿಯದವರು, ನೆಲೆಯಿಲ್ಲದವರು. ಮಾಧ್ಯಮ ಮತ್ತು ಶಿಕ್ಷಣ ಅವರಿಗೆ ಸೌಹಾರ್ದವನ್ನು ಬೋಧಿಸುವ ಮೊದಲು ಅವರಿಂದ ಕಲಿಯಬೇಕಾಗಿದೆ. ಈರಮ್ಮನವರ ಪೀಳಿಗೆ ಮರೆಯಾಗುತ್ತಿರುವುದರಿಂದ ಈ ಕಲಿಕೆಗೆ ಉಳಿದಿರುವ ಕಾಲಾವಕಾಶವೂ ಅಲ್ಪವೇ.